ಮೂರು ಬಾರಿ ಕೆನರಾ ಕ್ಷೇತ್ರ ಗೆದ್ದ ಜೋಕಿಂ ಆಳ್ವ



ಚುನಾವಣೆ ಹತ್ತಿರ ಬಂದಾಗಲೆಲ್ಲ ನಮ್ಮ ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಇಗರ್ಜಿಗಳ ಅಂಗಳದಲ್ಲಿ ಒಂದು ಮಾತು ಕೇಳಿಬರುತ್ತದೆ. ನಾವು ಇರುವುದೇ ನಾಲ್ಕು ಜನ, ರಾಜಕೀಯದಲ್ಲಿ ನಮ್ಮನ್ನು ಯಾರು ಕೇಳುತ್ತಾರೆ ಎಂಬ ಮಾತು. ಲೆಕ್ಕವೇನೂ ಸುಳ್ಳಲ್ಲ. 2011ರ ಜನಗಣತಿಯ ಪ್ರಕಾರ ಉತ್ತರ ಕನ್ನಡ ಜಿಲ್ಲೆಯಲ್ಲಿ ಕ್ರೈಸ್ತರು ನೂರಕ್ಕೆ ಮೂವರಷ್ಟು ಮಾತ್ರ. ಆದರೆ ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಯಲ್ಲಿ ಇದೇ ಜಿಲ್ಲೆಯ ಜನರು ಲೋಕಸಭೆಗೆ ಆರಿಸಿ ಕಳುಹಿಸಿದ್ದು ಒಬ್ಬ ಕಥೋಲಿಕ ಕ್ರೈಸ್ತರನ್ನು. 1952ರಲ್ಲಿ ಕಳುಹಿಸಿದವರು 1957ರಲ್ಲೂ 1962ರಲ್ಲೂ ಅವರನ್ನೇ ಕಳುಹಿಸಿದರು. ಅವರೇ ದಿವಂಗತ ಜೋಕಿಂ ಆಳ್ವ.

ಇಂದಿನ ಯುವಜನರಿಗೆ ಆಳ್ವ ಎಂದರೆ ಮಾರ್ಗರೆಟ್ ಆಳ್ವ. ಅವರ ಮಾವನವರ ಹೆಸರು ಹಿರಿಯರ ಬಾಯಲ್ಲಿ ಮಾತ್ರ ಉಳಿದಿದೆ. ಆದ್ದರಿಂದ ಅವರ ಬದುಕನ್ನು ನಮಗೆ ತಿಳಿದ ಮಟ್ಟಿಗೆ ಇಲ್ಲಿ ಬರೆದಿದ್ದೇವೆ.

ಜೋಕಿಂ ಆಳ್ವರು 1907ರ ಜನವರಿ 21ರಂದು ಉಡುಪಿಯಲ್ಲಿ ಹುಟ್ಟಿದರು. ಆಗ ಉಡುಪಿ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಉತ್ತರ ಕನ್ನಡವಾದರೋ ಮುಂಬಯಿ ಪ್ರಾಂತ್ಯದಲ್ಲಿ. ಒಂದೇ ಆಗಿದ್ದ ಕೆನರಾ ಜಿಲ್ಲೆಯನ್ನು ಬ್ರಿಟಿಷರು ಒಡೆದು, 1862ರಲ್ಲಿ ಉತ್ತರದ ಭಾಗವನ್ನು ಮುಂಬಯಿಗೆ ಕೊಟ್ಟಿದ್ದರು. ಭಟ್ಕಳ ದಾಟಿ ದಕ್ಷಿಣಕ್ಕೆ ಹೋದರೆ ಬೇರೆ ಸರಕಾರ, ಬೇರೆ ಕಚೇರಿ, ಬೇರೆ ಕಾನೂನು. ಮನೆಯೊಳಗಿನ ಮಾತು ಮಾತ್ರ ಎರಡೂ ಕಡೆ ಅದೇ ಕೊಂಕಣಿ, ಪೇಟೆಯಲ್ಲಿ ಅದೇ ಕನ್ನಡ. ಉಡುಪಿಯ ಹುಡುಗನೊಬ್ಬ ಮುಂದೆ ಈ ಗಡಿಯ ಆಚೆಗಿನ ಜಿಲ್ಲೆಯ ಪ್ರತಿನಿಧಿಯಾದದ್ದು ಹೇಗೆ ಎಂದು ಕೇಳಿದರೆ, ಉತ್ತರ ಸಿಗುವುದು ಮುಂಬಯಿಯಲ್ಲಿ.

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಜೆಸ್ವಿತ್ ಗುರುಗಳ ಕೈಯಲ್ಲಿ ಕಲಿತ ಆಳ್ವರು ಮುಂಬಯಿಗೆ ಹೋಗಿ ಎಲ್ಫಿನ್‌ಸ್ಟನ್ ಕಾಲೇಜು ಮತ್ತು ಸರಕಾರಿ ಕಾನೂನು ಕಾಲೇಜಿನಲ್ಲಿ ಓದಿದರು. ಕರಾವಳಿಯ ಕ್ರೈಸ್ತ ಯುವಕನೊಬ್ಬ ಇಷ್ಟು ಓದಿದರೆ ಸರಕಾರದ ಒಳ್ಳೆಯ ಕೆಲಸವೋ ವಕೀಲಿಯೋ ಹಿಡಿದು, ಊರಿಗೆ ಹಣ ಕಳುಹಿಸುತ್ತಾ ಸುಖವಾಗಿ ಇದ್ದುಬಿಡುವುದು ಆ ಕಾಲದ ರೂಢಿ. ಆಳ್ವರು ಆ ದಾರಿ ಹಿಡಿಯಲಿಲ್ಲ. 1928ರಲ್ಲಿ ಮುಂಬಯಿ ವಿದ್ಯಾರ್ಥಿಗಳ ಹಳೆಯ ಸಂಘವಾದ ಸ್ಟೂಡೆಂಟ್ಸ್ ಬ್ರದರ್‌ಹುಡ್‌ಗೆ ಕಾರ್ಯದರ್ಶಿಯಾದರು. ಆ ಸ್ಥಾನಕ್ಕೆ ಬಂದ ಮೊದಲ ಕ್ರೈಸ್ತರು ಅವರೇ. ಖುರ್ಷೀದ್ ನರಿಮನ್, ಯೂಸುಫ್ ಮೆಹರಲಿ ಮುಂತಾದವರ ಜೊತೆ ಬಾಂಬೆ ಯೂತ್ ಲೀಗ್‌ನಲ್ಲಿ ದುಡಿದರು. ಸೈಮನ್ ಆಯೋಗ ಮುಂಬಯಿ ಬಂದರಿನಲ್ಲಿ ಇಳಿದಾಗ ನಡೆದ ಪ್ರತಿಭಟನೆಯ ಹಿಂದೆ ಇದೇ ಯುವಕರ ಗುಂಪು ಇತ್ತು. ಒಬ್ಬ ಪಾರ್ಸಿ, ಒಬ್ಬ ಮುಸ್ಲಿಂ, ಒಬ್ಬ ಕ್ರೈಸ್ತ ಒಟ್ಟಿಗೆ ಸೇರಿದ ಆ ಗೆಳೆತನವೇ ಆಳ್ವರ ಮುಂದಿನ ರಾಜಕೀಯಕ್ಕೆ ಅಡಿಪಾಯ ಹಾಕಿತೆಂದು ನಮಗೆ ಅನಿಸುತ್ತದೆ.

ಇಲ್ಲಿ ನಮ್ಮ ಸಮುದಾಯದ ಅಂದಿನ ಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಭಾರತದ ಧರ್ಮಸಭೆಯ ಮೇಲಿನ ಸ್ಥಾನಗಳಲ್ಲಿ ಆಗ ಬಹುಮಟ್ಟಿಗೆ ವಿದೇಶೀಯರೇ ಇದ್ದರು. ಕಾಂಗ್ರೆಸ್ಸಿನ ಚಳವಳಿ ಎಂದರೆ ಅನೇಕ ಕ್ರೈಸ್ತ ಮನೆಗಳಲ್ಲಿ ಭಯ. ಬ್ರಿಟಿಷರು ಹೋದರೆ ನಮ್ಮ ಗತಿ ಏನು ಎಂಬ ಚಿಂತೆ. ಚಳವಳಿಗಾರರಿಗೂ ಕ್ರೈಸ್ತರ ಮೇಲೆ ಅನುಮಾನ. ಈ ಎರಡು ಅನುಮಾನಗಳ ನಡುವೆ ಆಳ್ವರು 1930ರಲ್ಲಿ ನ್ಯಾಶನಲಿಸ್ಟ್ ಕ್ರಿಶ್ಚಿಯನ್ ಪಾರ್ಟಿ ಎಂಬ ಸಂಘಟನೆ ಕಟ್ಟಿದರು. ಕ್ರೈಸ್ತರನ್ನು ದೇಶದ ಮುಖ್ಯ ಹೋರಾಟದೊಳಕ್ಕೆ ತರುವುದು ಅದರ ಉದ್ದೇಶ. 1932ರಲ್ಲಿ ಬ್ರಿಟಿಷ್ ಸರಕಾರ ಕೋಮುವಾರು ತೀರ್ಪು ಹೊರಡಿಸಿ ಭಾರತೀಯ ಕ್ರೈಸ್ತರಿಗೂ ಪ್ರತ್ಯೇಕ ಮತಕ್ಷೇತ್ರ ಕೊಟ್ಟಿತು. ಕ್ರೈಸ್ತರ ಪ್ರತಿನಿಧಿಗೆ ಕ್ರೈಸ್ತರೇ ಓಟು ಹಾಕುವ ವ್ಯವಸ್ಥೆ ಅದು. ಆ ದಿನಗಳಲ್ಲಿ ಅನೇಕರಿಗೆ ಅದು ದೊಡ್ಡ ವರವಾಗಿ ಕಂಡಿತು. 1937ರಲ್ಲಿ ಆಳ್ವರು ಮುಂಬಯಿಯ ಕ್ರೈಸ್ತರ ದೊಡ್ಡ ಸಭೆಗೆ ಜವಾಹರಲಾಲ್ ನೆಹರೂ ಅವರನ್ನು ಕರೆಸಿ ಮಾತನಾಡಿಸಿದರು. ಆಗ ಅದು ಸಣ್ಣ ಧೈರ್ಯದ ಕೆಲಸವಲ್ಲ.

ಅದೇ 1937ರಲ್ಲಿ ಅವರ ಮದುವೆಯಾಯಿತು. ವಧು ವಯೊಲೆಟ್ ಹರಿ. ಅಹಮದಾಬಾದಿನಲ್ಲಿ 1908ರ ಏಪ್ರಿಲ್ 24ರಂದು ಹುಟ್ಟಿದ ಗುಜರಾತಿ ಹೆಣ್ಣುಮಗಳು. ತಂದೆ ರೆವರೆಂಡ್ ಲಕ್ಷ್ಮಣ ಹರಿ ಚರ್ಚ್ ಆಫ್ ಇಂಗ್ಲೆಂಡಿನ ಪಾಸ್ಟರ್ ಆಗಿದ್ದ ಮೊದಲ ಭಾರತೀಯರಲ್ಲಿ ಒಬ್ಬರು. ಒಂಬತ್ತು ಮಕ್ಕಳಲ್ಲಿ ಎಂಟನೆಯವರಾದ ವಯೊಲೆಟ್ ಹದಿನಾರು ವರ್ಷ ತುಂಬುವಷ್ಟರಲ್ಲಿ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡಿದ್ದರು. ಅಣ್ಣಅಕ್ಕಂದಿರ ಆಸರೆಯಲ್ಲಿ ಸಂತ ಝೇವಿಯರ್ ಕಾಲೇಜು, ನಂತರ ಕಾನೂನು ಕಾಲೇಜು ಮುಗಿಸಿ ವಕೀಲೆಯಾದರು. ಕಥೋಲಿಕ ವರ, ಪ್ರೊಟೆಸ್ಟಂಟ್ ವಧು. ಎರಡನೆಯ ವ್ಯಾಟಿಕನ್ ಮಹಾಸಭೆಗೆ ಕಾಲು ಶತಮಾನ ಮೊದಲಿನ ಮಾತಿದು. ಅಂಥ ಸಂಬಂಧವೆಂದರೆ ಎರಡೂ ಕಡೆ ಹುಬ್ಬು ಗಂಟಿಕ್ಕುತ್ತಿದ್ದ ಕಾಲ ಎಂಬುದನ್ನು ನಮ್ಮ ಹಿರಿಯರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಈ ದಂಪತಿಯ ಬದುಕನ್ನು ಬಿಡಿಬಿಡಿಯಾಗಿ ಹೇಳುವುದು ಕಷ್ಟ. ಜೋಕಿಂ ಆಳ್ವರು ರಾಜದ್ರೋಹದ ಆರೋಪದ ಮೇಲೆ ಎರಡು ಬಾರಿ ಸೆರೆಮನೆ ಕಂಡರು. ಸರದಾರ್ ಪಟೇಲ್, ಮೊರಾರ್ಜಿ ದೇಸಾಯಿ ಮತ್ತು ಕ್ರೈಸ್ತರೇ ಆದ ಗಾಂಧಿವಾದಿ ಅರ್ಥಶಾಸ್ತ್ರಜ್ಞ ಜೆ.ಸಿ. ಕುಮಾರಪ್ಪ ಅವರ ಜೈಲಿನ ಒಡನಾಡಿಗಳಾಗಿದ್ದರು. 1943ರಲ್ಲಿ ವಯೊಲೆಟ್ ಅವರನ್ನೂ ಬಂಧಿಸಿದರು. ಆಗ ಮಗ ಚಿತ್ತರಂಜನನಿಗೆ ಐದು ತಿಂಗಳು. ಬಿಟ್ಟುಹೋಗುವಂತಿಲ್ಲ, ಕೂಸನ್ನು ಎತ್ತಿಕೊಂಡೇ ಆರ್ಥರ್ ರೋಡ್ ಜೈಲಿನೊಳಕ್ಕೆ ನಡೆದರು. ಅದೇ ವರ್ಷ ಆಗಸ್ಟ್ 9ರಂದು, ಅಂದರೆ ಕ್ವಿಟ್ ಇಂಡಿಯಾ ಚಳವಳಿಗೆ ವರ್ಷ ತುಂಬಿದ ದಿನವೇ, ಗಂಡಹೆಂಡತಿ ಸೇರಿ ಫೋರಂ ಎಂಬ ಇಂಗ್ಲಿಷ್ ವಾರಪತ್ರಿಕೆಯನ್ನು ಹೊರಡಿಸಿದರು. ದೊಡ್ಡ ನಾಯಕರೆಲ್ಲ ಜೈಲಿನಲ್ಲಿದ್ದ, ಪತ್ರಿಕೆಗಳ ಮೇಲೆ ಸರಕಾರದ ಕತ್ತರಿ ಆಡುತ್ತಿದ್ದ ಹೊತ್ತು ಅದು. ಆಳ್ವರ ಪುಸ್ತಕ ಮೆನ್ ಎಂಡ್ ಸೂಪರ್‌ಮೆನ್ ಆಫ್ ಹಿಂದೂಸ್ತಾನ್ ಪ್ರಕಟವಾದದ್ದೂ ಅದೇ ವರ್ಷ. 1944ರಲ್ಲಿ ವಯೊಲೆಟ್ ಅವರು ಹೈಕೋರ್ಟಿನ ಪೂರ್ಣಪೀಠದ ಮುಂದೆ ವಾದಿಸಿದರು. ಭಾರತದಲ್ಲಿ ಹಾಗೆ ವಾದಿಸಿದ ಮೊದಲ ಮಹಿಳಾ ವಕೀಲರು ಅವರು.

ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಜೋಕಿಂ ಆಳ್ವರು ಮುಂಬಯಿಯ ಶೆರೀಫ್ ಆದರು. 1950ರಲ್ಲಿ ತಾತ್ಕಾಲಿಕ ಸಂಸತ್ತಿಗೆ ಹೋದರು. ಅದೇ ವರ್ಷ ಮುಂಬಯಿಯ ಇಂಗ್ಲಿಷ್ ಮಹಾಧರ್ಮಾಧ್ಯಕ್ಷ ಥಾಮಸ್ ರಾಬರ್ಟ್ಸ್ ಅವರು ಸ್ಥಾನ ತೆರವು ಮಾಡಿ, ಭಾರತೀಯರಾದ ವಲೇರಿಯನ್ ಗ್ರೇಶಿಯಸ್ ಆ ಪೀಠಕ್ಕೆ ಬಂದರು. ದೇಶದಲ್ಲೂ ಧರ್ಮಸಭೆಯಲ್ಲೂ ಅಧಿಕಾರ ಕೈ ಬದಲಿಸುತ್ತಿದ್ದ ಸಮಯ. ಪ್ರತ್ಯೇಕ ಮತಕ್ಷೇತ್ರಗಳು ಹೋದವು. ಸಂವಿಧಾನ ಸಭೆಯಲ್ಲಿ ಕ್ರೈಸ್ತ ಪ್ರತಿನಿಧಿಗಳು ಕಾದಿಟ್ಟ ಸ್ಥಾನಗಳೂ ಬೇಡ ಎಂದರು. ಇನ್ನು ಮೇಲೆ ಕ್ರೈಸ್ತ ಅಭ್ಯರ್ಥಿ ಎಲ್ಲರ ಬಾಗಿಲಿಗೂ ಹೋಗಿ ಓಟು ಕೇಳಬೇಕು. ಆಳ್ವರ ಇಪ್ಪತ್ತು ವರ್ಷದ ವಾದಕ್ಕೆ ನಿಜವಾದ ಪರೀಕ್ಷೆ ಬಂದದ್ದು ಆಗ, ಅದೂ ನಮ್ಮ ಜಿಲ್ಲೆಯಲ್ಲಿ.

ಉತ್ತರ ಕನ್ನಡ ಆಗ ಮುಂಬಯಿ ರಾಜ್ಯದ ದಕ್ಷಿಣದ ತುದಿ. ಕ್ಷೇತ್ರದ ಹೆಸರು ಕೆನರಾ. ಇದು ಹೋರಾಟದ ಜಿಲ್ಲೆ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಿತ್ತು. ಅಂಕೋಲೆ, ಸಿದ್ದಾಪುರದ ರೈತರು ಕರ ನಿರಾಕರಿಸಿ ಭೂಮಿ ಕಳೆದುಕೊಂಡಿದ್ದರು. ಜೈಲಿಗೆ ಹೋಗಿ ಬಂದವರು ಊರೂರಲ್ಲಿ ಇದ್ದರು. ಅಂಥ ಮತದಾರರ ಮುಂದೆ ಮುಂಬಯಿಯಿಂದ ಬಂದ, ಹುಟ್ಟಿನಿಂದ ಉಡುಪಿಯವರಾದ, ಕಥೋಲಿಕ ಅಭ್ಯರ್ಥಿ ನಿಂತರು. ಕೈಯಲ್ಲಿ ಇದ್ದದ್ದು ಕಾಂಗ್ರೆಸ್ಸಿನ ಜೋಡೆತ್ತಿನ ಗುರುತು ಮತ್ತು ಜೈಲುವಾಸದ ದಾಖಲೆ.

ಆ ಚುನಾವಣೆ ಹೇಗಿತ್ತು ಎಂದು ಇಂದಿನವರಿಗೆ ಸ್ವಲ್ಪ ಹೇಳಬೇಕು. ಭಟ್ಕಳದಿಂದ ಕಾರವಾರಕ್ಕೆ ಹೋಗಲು ಶರಾವತಿ, ಅಘನಾಶಿನಿ, ಗಂಗಾವಳಿ ಎಂಬ ಮೂರು ನದಿ ದಾಟಬೇಕು. ರೈಲು ಎಂಬುದು ಕರಾವಳಿಗೆ ಕನಸು. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರ, ಹಳಿಯಾಳದ ಕಾಡು, ಘಟ್ಟದ ಕೆಳಗೆ ಮೀನುಗಾರರ ಕೇರಿಗಳು, ಗದ್ದೆ, ತೋಟ. ಮತಪತ್ರದ ಮೇಲೆ ಮುದ್ರೆ ಒತ್ತುವ ಪದ್ಧತಿ ಇನ್ನೂ ಬಂದಿರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಗುರುತು. ಓದು ಬರದವರೂ ಗುರುತು ನೋಡಿ ಚೀಟಿ ಹಾಕಿ ಬರಬಹುದಿತ್ತು. 1952 ಮತ್ತು 1957ರಲ್ಲಿ ಆಳ್ವರು ಗೆದ್ದದ್ದು ಈ ಪೆಟ್ಟಿಗೆಗಳ ಕಾಲದಲ್ಲಿ, 1962ರಲ್ಲಿ ಗೆದ್ದದ್ದು ಎಲ್ಲರ ಹೆಸರೂ ಇರುವ ಒಂದೇ ಮತಪತ್ರದ ಕಾಲದಲ್ಲಿ. ಎರಡೂ ಪದ್ಧತಿಯಲ್ಲಿ ಜನ ಅವರನ್ನು ಗುರುತಿಸಿದರು. ಭಟ್ಕಳದ ನವಾಯತರು, ಹೊನ್ನಾವರದ ನಾಮಧಾರಿಗಳು, ಕುಮಟಾದ ಹವ್ಯಕರು, ಹಾಲಕ್ಕಿಗಳು, ಸಾರಸ್ವತರು, ಮೀನುಗಾರರು, ಪಟೇಲರು ಎಂದು ಇಷ್ಟು ಬಗೆಯ ಜನರಿರುವ ಜಿಲ್ಲೆಯಲ್ಲಿ ಕ್ರೈಸ್ತರ ಓಟಿನಿಂದ ಮಾತ್ರ ಯಾರೂ ಗೆಲ್ಲಲಾರರು. ಕಾಂಗ್ರೆಸ್ಸಿನ ಮತ್ತು ನೆಹರೂ ಹೆಸರಿನ ಬಲ ಆಗ ಎಷ್ಟಿತ್ತು ಎಂಬುದನ್ನು ಮರೆಯಬಾರದು, ನಿಜ. ಆದರೂ ಅಭ್ಯರ್ಥಿಯ ಧರ್ಮ ನೋಡಿ ಜೋಡೆತ್ತಿನ ಪೆಟ್ಟಿಗೆಯನ್ನು ದೂರ ಮಾಡಿದ ಜನ ಇವರಲ್ಲ ಎಂಬುದನ್ನೂ ಹೇಳಲೇಬೇಕು.

ಇನ್ನೊಂದು ಸಂಗತಿ ನಮ್ಮ ಓದುಗರಿಗೆ ಸ್ವಾರಸ್ಯವೆನಿಸಬಹುದು. 1952ರಲ್ಲಿ ಕುಮಟಾ, ಹೊನ್ನಾವರ, ಭಟ್ಕಳದ ಕಥೋಲಿಕರು ಓಟು ಹಾಕಿದ್ದು ದೆಹಲಿಯ ಸಂಸತ್ತಿಗೆ, ತೆರಿಗೆ ಕೊಟ್ಟದ್ದು ಮುಂಬಯಿ ಸರಕಾರಕ್ಕೆ, ಆದರೆ ಧರ್ಮಸಭೆಯ ಆಡಳಿತದಲ್ಲಿ ಅವರು ಇದ್ದದ್ದು ಪೋರ್ಚುಗೀಸರ ಕೈಯಲ್ಲಿದ್ದ ಗೋವಾದ ಮಹಾಧರ್ಮಪ್ರಾಂತ್ಯದ ಕೆಳಗೆ. ನಮ್ಮ ಇಗರ್ಜಿಗಳಿಗೆ ಗುರುಗಳನ್ನು ನೇಮಿಸುವ ಪೀಠ ವಿದೇಶೀ ಧ್ವಜದ ಕೆಳಗಿತ್ತು. 1953ರ ಸೆಪ್ಟೆಂಬರಿನಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ಆದ ಮೇಲೆ ಈ ಸ್ಥಿತಿ ಬದಲಾಯಿತು. 1976ರಲ್ಲಿ ಕಾರವಾರ ಧರ್ಮಪ್ರಾಂತ್ಯ ಬೇರೆಯಾಯಿತು. ಗೋವಾದ ಪ್ರಶ್ನೆ ಬಿಸಿಯಾಗಿದ್ದ ಆ ವರ್ಷಗಳಲ್ಲಿ ಗೋವೆಗೆ ತಾಗಿಕೊಂಡ ಕ್ಷೇತ್ರದ ಪ್ರತಿನಿಧಿ ಕಥೋಲಿಕ ಕಾಂಗ್ರೆಸ್ಸಿಗ. ಕ್ರೈಸ್ತರ ನಿಷ್ಠೆ ಲಿಸ್ಬನ್‌ಗೋ ದೆಹಲಿಗೋ ಎಂದು ಕೇಳುವವರಿಗೆ ಕಾರವಾರದ ಕಡೆಯಿಂದ ಆರಿಸಿ ಬಂದ ಆಳ್ವರ ಇರುವಿಕೆಯೇ ಒಂದು ಉತ್ತರವಾಗಿತ್ತು. 1961ರ ನವೆಂಬರಿನಲ್ಲಿ ಕಾರವಾರದ ಎದುರಿನ ಅಂಜದೀವ ದ್ವೀಪದಿಂದ ಪೋರ್ಚುಗೀಸರು ಗುಂಡು ಹಾರಿಸಿದರು. ಡಿಸೆಂಬರ್ 19ಕ್ಕೆ ಗೋವಾ ಭಾರತದ್ದಾಯಿತು. ಕೆಲವೇ ವಾರಗಳಲ್ಲಿ ಬಂದ 1962ರ ಚುನಾವಣೆಯಲ್ಲಿ ಆಳ್ವರು ಮೂರನೆಯ ಬಾರಿ ಗೆದ್ದರು.

ಈ ನಡುವೆ 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಉತ್ತರ ಕನ್ನಡವು ಮೈಸೂರು ರಾಜ್ಯಕ್ಕೆ ಸೇರಿತು. ದಕ್ಷಿಣ ಕನ್ನಡವೂ ಮದ್ರಾಸಿನಿಂದ ಬಂತು. ತೊಂಬತ್ತನಾಲ್ಕು ವರ್ಷಗಳ ನಂತರ ಎರಡೂ ಕೆನರಾ ಒಂದೇ ಸರಕಾರದ ಕೆಳಗೆ ಬಂದವು. ಮುಂಬಯಿ ರಾಜ್ಯದಿಂದ ಆರಿಸಿ ಬಂದಿದ್ದ ಆಳ್ವರು 1957ರಲ್ಲಿ ಅದೇ ಕ್ಷೇತ್ರದಿಂದ ಮೈಸೂರು ರಾಜ್ಯದ ಸದಸ್ಯರಾಗಿ ಲೋಕಸಭೆಗೆ ಮರಳಿದರು. ಇದೂ ಒಂದು ತಮಾಷೆಯೇ: ಊರು ಅಲ್ಲೇ, ರಾಜ್ಯ ಬೇರೆ.

ಲೋಕಸಭೆಯ ನಡಾವಳಿಗಳಲ್ಲಿ ಸದಸ್ಯರ ಹೆಸರಿನ ಮುಂದೆ ಕ್ಷೇತ್ರದ ಹೆಸರೂ ಅಚ್ಚಾಗುತ್ತದೆ. ಹದಿನೈದು ವರ್ಷ ಆಳ್ವರ ಹೆಸರಿನ ಜೊತೆ ಕೆನರಾ ಎಂಬ ಪದ ಹಾಗೆ ಅಚ್ಚಾಯಿತು. ಪತ್ರಕರ್ತರಾಗಿದ್ದ ಅವರ ಆಸಕ್ತಿ ವಿದೇಶಾಂಗ, ರಕ್ಷಣೆಯಂಥ ವಿಷಯಗಳಲ್ಲಿ ಹೆಚ್ಚು. ಆ ಕಾಲದ ಸಂಸತ್ತು ಕ್ರೈಸ್ತರಿಗೆ ಎಷ್ಟು ಮುಖ್ಯವಾಗಿತ್ತು ಎಂಬುದಕ್ಕೆ ಒಂದು ಉದಾಹರಣೆ ಸಾಕು. ಮತಾಂತರವಾದವರು ನೋಂದಣಿ ಮಾಡಿಸಬೇಕು ಎಂಬ ಖಾಸಗಿ ಮಸೂದೆಯನ್ನು ಜೇಠಾಲಾಲ್ ಜೋಶಿ ಎಂಬ ಸದಸ್ಯರು 1954ರಲ್ಲಿ ಲೋಕಸಭೆಗೆ ತಂದರು. 1955ರಲ್ಲಿ ಪ್ರಧಾನಿ ನೆಹರೂ ಅವರೇ ವಿರೋಧಿಸಿ ಅದು ಬಿದ್ದುಹೋಯಿತು. ಆಗ ಆಳುವ ಪಕ್ಷದ ಸಾಲಿನಲ್ಲಿ ಕುಳಿತಿದ್ದ ಕ್ರೈಸ್ತರಲ್ಲಿ ನಮ್ಮ ಕ್ಷೇತ್ರದ ಸದಸ್ಯರೂ ಒಬ್ಬರು.

ವಯೊಲೆಟ್ ಆಳ್ವರೂ 1952ರಲ್ಲೇ ರಾಜ್ಯಸಭೆಗೆ ಆಯ್ಕೆಯಾದರು. ಹೀಗೆ ಸಂಸತ್ತಿಗೆ ಆರಿಸಿ ಬಂದ ಮೊದಲ ದಂಪತಿ ಎಂಬ ಹೆಸರು ಇವರಿಗೆ ಬಂತು. 1957ರಲ್ಲಿ ಅವರು ಗೃಹ ಖಾತೆಯ ಉಪಮಂತ್ರಿ, 1962ರಲ್ಲಿ ರಾಜ್ಯಸಭೆಯ ಉಪಸಭಾಪತಿ. ಆ ಪೀಠಕ್ಕೆ ಏರಿದ ಮೊದಲ ಮಹಿಳೆ. ಹೆಂಡತಿಗೆ ಸಿಕ್ಕ ಮಂತ್ರಿ ಪದವಿ ಗಂಡನಿಗೆ ಸಿಗಲಿಲ್ಲ. ಹಾಗಿದ್ದರೂ ಇಬ್ಬರೂ ಒಂದೇ ಮನೆಯಿಂದ ಎರಡು ಸದನಕ್ಕೆ ಹೋಗಿ ಬಂದರು.

ಹಾಗಾದರೆ ಜಿಲ್ಲೆಗೆ ಆಳ್ವರಿಂದ ಏನು ಬಂತು? ಕೇಳಲೇಬೇಕಾದ ಪ್ರಶ್ನೆ. ಮುಂಬಯಿ, ದೆಹಲಿಯ ಮಟ್ಟದ ಮನುಷ್ಯನನ್ನು ಆರಿಸಿದ ಕ್ಷೇತ್ರಕ್ಕೆ ಹೆಮ್ಮೆ ಸಿಗುತ್ತದೆ, ಆದರೆ ದಿನನಿತ್ಯದ ಕೆಲಸಕ್ಕೆ ಬಾಗಿಲು ಬಡಿಯಲು ಹತ್ತಿರದ ಮನುಷ್ಯ ಬೇಕು. ಅದೇ ವರ್ಷಗಳಲ್ಲಿ ಅಂಕೋಲೆ ಕಡೆಯ ದಿನಕರ ದೇಸಾಯಿಯವರು ಗೇಣಿ ರೈತರ ಹೋರಾಟ ಕಟ್ಟಿದ್ದರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಶಾಲೆಗಳನ್ನು ತೆರೆದರು. ಚುಟುಕಗಳಿಂದ ಮನೆಮಾತಾದವರು. 1967ರಲ್ಲಿ ಅವರು ಪಕ್ಷೇತರರಾಗಿ ನಿಂತು ಇದೇ ಕ್ಷೇತ್ರವನ್ನು ಗೆದ್ದರು. ಆಳ್ವರ ಹದಿನೈದು ವರ್ಷ ಅಲ್ಲಿಗೆ ಮುಗಿಯಿತು. ಜನರ ಈ ತೀರ್ಮಾನದಲ್ಲಿ ಧರ್ಮದ ಮಾತು ಇರಲಿಲ್ಲ, ನೆಲದ ಮಾತು ಇತ್ತು ಎಂಬುದು ನಮ್ಮ ಅಭಿಪ್ರಾಯ. ಉಳುವವನ ಪರವಾಗಿ ಗಡೀಪಾರು ಶಿಕ್ಷೆ ಅನುಭವಿಸಿದ ದೇಸಾಯಿಯವರನ್ನು ಜನ ಆರಿಸಿದ್ದನ್ನು ತಪ್ಪೆನ್ನಲು ಯಾರಿಗೂ ಸಾಧ್ಯವಿಲ್ಲ. ವಿಚಿತ್ರವೆಂದರೆ ಅದೇ 1967ರಲ್ಲಿ ಮಂಗಳೂರಿನ ಇನ್ನೊಬ್ಬ ಕಥೋಲಿಕ, ಜಾರ್ಜ್ ಫೆರ್ನಾಂಡಿಸ್, ದಕ್ಷಿಣ ಮುಂಬಯಿಯಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಹೋದರು. ಆಳ್ವರ ಕಾಲದಲ್ಲಿ ಕನಸಾಗಿದ್ದ ಕರಾವಳಿ ರೈಲಿಗೆ 1990ರಲ್ಲಿ ಚಾಲನೆ ಕೊಟ್ಟ ರೈಲ್ವೆ ಮಂತ್ರಿಯೂ ಅವರೇ. ಕುಮಟಾ, ಹೊನ್ನಾವರ, ಭಟ್ಕಳದ ಮೂಲಕ ಪೂರ್ತಿ ದಾರಿಯಲ್ಲಿ ರೈಲು ಓಡುವಾಗ 1998 ಆಯಿತು.

1968ರ ಏಪ್ರಿಲಿನಲ್ಲಿ ಜೋಕಿಂ ಆಳ್ವರನ್ನು ರಾಷ್ಟ್ರಪತಿಗಳು ರಾಜ್ಯಸಭೆಗೆ ನಾಮಕರಣ ಮಾಡಿದರು. ಉಪಸಭಾಪತಿಯ ಪೀಠದಲ್ಲಿ ಹೆಂಡತಿ, ಕೆಳಗಿನ ಸಾಲಿನಲ್ಲಿ ಗಂಡ. ಮಾತನಾಡಲು ಪೀಠದ ಅಪ್ಪಣೆ ಬೇಕು. ಈ ಸ್ಥಿತಿ ಹೆಚ್ಚು ಕಾಲ ಇರಲಿಲ್ಲ. 1969ರ ಮೇ ತಿಂಗಳಲ್ಲಿ ರಾಷ್ಟ್ರಪತಿ ಝಾಕಿರ್ ಹುಸೇನರು ತೀರಿಕೊಂಡ ನಂತರ ಉಪರಾಷ್ಟ್ರಪತಿ ಸ್ಥಾನವೂ ತೆರವಾಯಿತು. ಏಳು ವರ್ಷ ಸದನ ನಡೆಸಿದ ವಯೊಲೆಟ್ ಅವರ ಹೆಸರಿಗೆ ಇಂದಿರಾ ಗಾಂಧಿಯವರ ಬೆಂಬಲ ಸಿಗಲಿಲ್ಲ. ಆಗ ಮೈಸೂರಿನ ರಾಜ್ಯಪಾಲರಾಗಿದ್ದ ಗೋಪಾಲ ಸ್ವರೂಪ ಪಾಠಕ್ ಉಪರಾಷ್ಟ್ರಪತಿಯಾದರು. ನವೆಂಬರಿನಲ್ಲಿ ಕಾಂಗ್ರೆಸ್ ಎರಡಾಯಿತು. ನವೆಂಬರ್ 16ರಂದು ವಯೊಲೆಟ್ ಆಳ್ವರು ಉಪಸಭಾಪತಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ನಾಲ್ಕೇ ದಿನಗಳಲ್ಲಿ, ನವೆಂಬರ್ 20ರಂದು, ಮೆದುಳಿನ ರಕ್ತಸ್ರಾವದಿಂದ ದೆಹಲಿಯಲ್ಲಿ ನಿಧನರಾದರು. ಅವರಿಗಾಗ 61 ವರ್ಷ.

ಮೂವತ್ತೆರಡು ವರ್ಷ ಜೊತೆಗಿದ್ದ ಹೆಂಡತಿ ಹೋದ ಮೇಲೂ ಆಳ್ವರು ಅದೇ ಸದನದಲ್ಲಿ ನಾಲ್ಕೂವರೆ ವರ್ಷ ಕುಳಿತರು. 1974ರ ಏಪ್ರಿಲಿನಲ್ಲಿ ಅವರ ಅವಧಿ ಮುಗಿಯಿತು. ಅದೇ ತಿಂಗಳು ಕರ್ನಾಟಕದಿಂದ ರಾಜ್ಯಸಭೆಗೆ ಬಂದ ಹೊಸ ಸದಸ್ಯರಲ್ಲಿ ಅವರ ಮಗ ನಿರಂಜನರ ಹೆಂಡತಿ ಮಾರ್ಗರೆಟ್ ಇದ್ದರು. ಮಾವ ಹೊರಗೆ, ಸೊಸೆ ಒಳಗೆ.

ಜೋಕಿಂ ಆಳ್ವರು 1979ರ ಜೂನ್ 28ರಂದು ಕಣ್ಣು ಮುಚ್ಚಿದರು. 2007ರಲ್ಲಿ ಸಂಸತ್ ಭವನದಲ್ಲಿ ದಂಪತಿಯ ಭಾವಚಿತ್ರ ಅನಾವರಣಗೊಂಡಿತು. 2008ರಲ್ಲಿ ಅಂಚೆ ಇಲಾಖೆ ಇಬ್ಬರನ್ನೂ ಸೇರಿಸಿ ಒಂದು ಅಂಚೆಚೀಟಿ ಹೊರಡಿಸಿತು.

ಕ್ಷೇತ್ರದ ಕಥೆ ಮಾತ್ರ ಇನ್ನೂ ಸ್ವಲ್ಪ ಉಳಿದಿತ್ತು. ನಾಲ್ಕು ಅವಧಿ ರಾಜ್ಯಸಭೆಯಲ್ಲಿದ್ದ ಮಾರ್ಗರೆಟ್ ಆಳ್ವರು 1999ರಲ್ಲಿ ಲೋಕಸಭೆಗೆ ನಿಂತದ್ದು ಮಾವನವರ ಕ್ಷೇತ್ರದಿಂದಲೇ. ಭಟ್ಕಳ, ಹೊನ್ನಾವರ, ಕುಮಟಾದ ಜನರು ಆಳ್ವ ಎಂಬ ಹೆಸರಿಗೆ ಕೊನೆಯ ಬಾರಿ ಓಟು ಕೊಟ್ಟು 37 ವರ್ಷಗಳಾಗಿದ್ದವು. ಆ ಚುನಾವಣೆಯಲ್ಲಿ ಅವರು ಗೆದ್ದರು, 2004ರಲ್ಲಿ ಸೋತರು. 2022ರಲ್ಲಿ, ಅತ್ತೆಯವರ ಕೈತಪ್ಪಿದ್ದ ಉಪರಾಷ್ಟ್ರಪತಿ ಸ್ಥಾನಕ್ಕೆ ವಿರೋಧ ಪಕ್ಷಗಳ ಅಭ್ಯರ್ಥಿಯಾಗಿ ಸೊಸೆ ನಿಂತರು. ಅಲ್ಲೂ ಗೆಲುವು ಸಿಗಲಿಲ್ಲ.